ಒರ್ವಿಯೆಟೊ: ಬೈಕು ಬುಡದಲ್ಲಿ, ನೀವು ನೆತ್ತಿಯಲ್ಲಿ

ಇಟಲಿಯಲ್ಲಿ ಬೈಕು ಬಾಡಿಗೆಗೆ ಹಿಡಿದು ರೋಮ್ ಮತ್ತು ಫ್ಲಾರೆನ್ಸ್ ನಡುವೆ ಸುತ್ತಲು ಹೊರಟವರೆಲ್ಲ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ದಾರಿಯಲ್ಲಿ ಗುಡ್ಡದ ಮೇಲೆ ಹಳೇ ಪಟ್ಟಣವೊಂದು ಕಾಣುತ್ತದೆ, ನೋಡದೆ ಹೋಗಲು ಮನಸ್ಸಿಲ್ಲ. ಆದರೆ ಲಗೇಜು ಹೇರಿದ ಬೈಕು, ಕೈಯಲ್ಲಿ ಹೆಲ್ಮೆಟ್ಟು, ಮೈಮೇಲೆ ದಪ್ಪ ಜಾಕೆಟ್ಟು, ಕಾಲಲ್ಲಿ ಬೂಟು. ಇವನ್ನೆಲ್ಲ ಏನು ಮಾಡುವುದು?

ಆ ಸಾಲಿನ ಊರುಗಳಲ್ಲಿ ಒರ್ವಿಯೆಟೊ ಬೈಕಿನವರಿಗೆ ಎಲ್ಲಕ್ಕಿಂತ ಅನುಕೂಲ. ಉಂಬ್ರಿಯಾ ಪ್ರಾಂತ್ಯದಲ್ಲಿ, ರೋಮಿನಿಂದ ಸುಮಾರು 120 ಕಿಲೋಮೀಟರ್ ದೂರದಲ್ಲಿ, ಎ1 ಹೆದ್ದಾರಿಯ ಪಕ್ಕದಲ್ಲೇ ಇದೆ. ಸಮುದ್ರಮಟ್ಟದಿಂದ ಸುಮಾರು 325 ಮೀಟರ್ ಎತ್ತರ. ಊರು ಕೂತಿರುವುದು ಟಫ್ ಕಲ್ಲಿನ ಬಂಡೆಯ ಮೇಲೆ. ಟಫ್ ಅಂದರೆ ಜ್ವಾಲಾಮುಖಿಯ ಬೂದಿ ಕಾಲಾಂತರದಲ್ಲಿ ಗಟ್ಟಿಯಾಗಿ ಆದ ಮೆತುಕಲ್ಲು; ಅಗೆಯಲು ಸುಲಭ, ಆದರೂ ನಿಲ್ಲುತ್ತದೆ. ಬಂಡೆಯ ಸುತ್ತಲೂ ಚಾಕುವಿನಿಂದ ಕತ್ತರಿಸಿದಂತೆ ಕಡಿದಾದ ಗೋಡೆ. ಮೇಲಿನದು ಹಳೇ ಊರು. ಬುಡದಲ್ಲಿ ರೈಲು ನಿಲ್ದಾಣ ಇರುವ ಹೊಸ ಭಾಗಕ್ಕೆ ಒರ್ವಿಯೆಟೊ ಸ್ಕಾಲೊ ಎಂದು ಹೆಸರು.

ನಮ್ಮ ಸಲಹೆ ಒಂದೇ ಮಾತಿನದು: ಬೈಕನ್ನು ಸ್ಕಾಲೊದಲ್ಲೇ ಬಿಟ್ಟು ಮೇಲೆ ಹೋಗಿ. ಮೇಲಿನ ಓಣಿಗಳಲ್ಲಿ ಬೈಕು ಓಡಿಸಿದರೆ ಸಿಗುವ ಖುಷಿ ಐದು ನಿಮಿಷದ್ದು. ಇಳಿಜಾರಿನ ನುಣುಪು ಹಾಸುಗಲ್ಲು, ಅನುಮತಿಯಿಲ್ಲದ ಗಾಡಿಯನ್ನು ಕ್ಯಾಮೆರಾ ಹಿಡಿದರೆ ಕಟ್ಟಬೇಕಾದ ದಂಡ, ನಿಲ್ಲಿಸಲು ಜಾಗ ಹುಡುಕುವ ಪಾಡು ಮಾತ್ರ ಇಡೀ ದಿನದ್ದು.

ಮೊದಲು ಕೈಯಲ್ಲಿರಬೇಕಾದ್ದು

ಮೋಟಾರ್‌ಸೈಕಲ್ ವರ್ಗ ನಮೂದಾಗಿರುವ ಮೂಲ ಲೈಸೆನ್ಸ್, ಅದರ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ. ಎರಡೂ ಬೇಕು, ಒಂದಿದ್ದು ಇನ್ನೊಂದಿಲ್ಲದಿದ್ದರೆ ಪ್ರಯೋಜನವಿಲ್ಲ. ಪಾಸ್‌ಪೋರ್ಟ್, ಬಾಡಿಗೆ ಕರಾರು, ಗಾಡಿಯ ಕಾಗದಪತ್ರ ಸದಾ ಮೈಮೇಲಿರಲಿ, ಪೆಟ್ಟಿಗೆಯಲ್ಲಿ ಬೇಡ.

ಇನ್ನುಳಿದವು ಸಣ್ಣಪುಟ್ಟವು, ಆದರೆ ದಿನವನ್ನು ಉಳಿಸುವಂಥವು:

- ಒಂದೂವರೆ ಮೀಟರ್ ಉದ್ದದ ತೆಳು ಉಕ್ಕಿನ ಕೇಬಲ್ ಮತ್ತು ಬೀಗ. ಜಾಕೆಟ್ಟು, ಹೆಲ್ಮೆಟ್ಟು ಬೈಕಿಗೆ ಕಟ್ಟಲು.
- ಡಿಸ್ಕ್ ಲಾಕ್, ಅದಕ್ಕೆ ಹ್ಯಾಂಡಲ್‌ವರೆಗೆ ಎಳೆದು ಸಿಕ್ಕಿಸುವ ಬಣ್ಣದ ನೆನಪಿನ ದಾರ.
- ಸೈಡ್ ಸ್ಟ್ಯಾಂಡ್ ಕೆಳಗಿಡಲು ಅಂಗೈಯಗಲದ ಗಟ್ಟಿ ಪ್ಲಾಸ್ಟಿಕ್ ತಟ್ಟೆ.
- ಹಗುರವಾದ, ಅಡಿಯಲ್ಲಿ ರಬ್ಬರ್ ಹಿಡಿತವಿರುವ ನಡೆಯುವ ಶೂ.
- ಮಡಚಿಡಬಹುದಾದ ಬೆನ್ನುಚೀಲ, ಒಂದು ಲೀಟರ್ ನೀರಿನ ಬಾಟಲಿ, ತೆಳು ಉದ್ದತೋಳಿನ ಅಂಗಿ.

ಶೂ ವಿಷಯದಲ್ಲಿ ಜಿಪುಣತನ ಬೇಡ. ಇಲ್ಲಿನ ಒಂದು ಬಾವಿಗೇ 248 ಮೆಟ್ಟಿಲು ಇಳಿದು, ಅಷ್ಟೇ ಮೆಟ್ಟಿಲು ಹತ್ತಬೇಕು. ಕಣಕಾಲು ಮಡಚದ ರೈಡಿಂಗ್ ಬೂಟಿನಲ್ಲಿ ಅದು ಶಿಕ್ಷೆ.

ಹಂತ 1: ದಿನ ಆರಿಸಿಕೊಳ್ಳಿ

ಭಾನುವಾರ ಬೆಳಗ್ಗೆ ಊರಿನ ಮುಖ್ಯ ಚರ್ಚಾದ ಕೆಥೆಡ್ರಲ್‌ನಲ್ಲಿ ಪೂಜೆ ನಡೆಯುತ್ತದೆ, ನೋಡಲು ಬರುವವರಿಗೆ ಬಾಗಿಲು ತೆರೆಯುವುದು ಮಧ್ಯಾಹ್ನ. ಅರ್ಧ ದಿನದಲ್ಲಿ ಮುಗಿಸಿ ಹೊರಡುವವರು ಭಾನುವಾರ ಇಟ್ಟುಕೊಂಡರೆ ಮುಖ್ಯವಾದ್ದೇ ಕೈತಪ್ಪುತ್ತದೆ. ಗುರುವಾರ ಮತ್ತು ಶನಿವಾರ ಬೆಳಗ್ಗೆ ಪಿಯಾಟ್ಸಾ ದೆಲ್ ಪೊಪೊಲೊ ಎಂಬ ಚೌಕದಲ್ಲಿ ಸಂತೆ. ನೋಡಲು ಚೆಂದ, ಆ ಚೌಕದಲ್ಲಿ ಗಾಡಿ ನಿಲ್ಲಿಸಬಹುದೆಂದು ಮೇಲೆ ಹತ್ತಿ ಬಂದವರಿಗೆ ಮಾತ್ರ ತಲೆನೋವು. ಜೂನ್ ಆಸುಪಾಸಿನಲ್ಲಿ ಬರುವ ಕಾರ್ಪಸ್ ಕ್ರಿಸ್ಟಿ ಹಬ್ಬದ ಮೆರವಣಿಗೆಗೂ, ವರ್ಷದ ಕೊನೆಯ ಉಂಬ್ರಿಯಾ ಜಾಝ್ ವಿಂಟರ್ ಉತ್ಸವಕ್ಕೂ ಊರು ತುಂಬಿ ತುಳುಕುತ್ತದೆ. ಆಗ ಕೋಣೆಯನ್ನು ಮುಂಚೆಯೇ ಕಾಯ್ದಿರಿಸದೆ ಹೋಗಬೇಡಿ.

ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನ ಕಲ್ಲು ಕಾದು ಕಾವಲಿಯಾಗುತ್ತದೆ. ಏಪ್ರಿಲ್, ಮೇ, ಸೆಪ್ಟೆಂಬರ್, ಅಕ್ಟೋಬರ್ ಮೇಲು. ಒಂದು ಮಾತು ನೆನಪಿಡಿ: ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅನೇಕ ಅಂಗಡಿಗಳು ಮುಚ್ಚಿರುತ್ತವೆ. ಟೈರಿಗೆ ಗಾಳಿ, ಔಷಧಿ, ಏನೇ ಬೇಕಿದ್ದರೂ ಅದಕ್ಕೂ ಮೊದಲು.

ಹಂತ 2: ಎ1ರಿಂದ ಸ್ಕಾಲೊವರೆಗೆ

ಹೆದ್ದಾರಿ ಹತ್ತುವಾಗ ಯಂತ್ರದಿಂದ ಟೋಲ್ ಚೀಟಿ ಬರುತ್ತದೆ, ಇಳಿಯುವಾಗ ಅದನ್ನು ತೋರಿಸಿ ಹಣ ಕಟ್ಟಬೇಕು. ಚೀಟಿ ಕಳೆದರೆ ಅತಿ ದೂರದ ದ್ವಾರದಿಂದ ಬಂದಿದ್ದೀರೆಂದು ಲೆಕ್ಕ ಹಾಕುತ್ತಾರೆ. ಆದ್ದರಿಂದ ಅದನ್ನು ಟ್ಯಾಂಕ್ ಬ್ಯಾಗಿನ ಜಿಪ್ ಜೇಬಿಗೇ ಹಾಕಿ. ಕೈಗವಸಿನೊಳಗೆ ಸಿಕ್ಕಿಸಿಕೊಂಡದ್ದು ಗಾಳಿಗೆ ಹಾರಿದ ಉದಾಹರಣೆಗಳು ಬೇಕಾದಷ್ಟಿವೆ. ಟೋಲ್‌ಗೇಟಿನಲ್ಲಿ ಹಳದಿ ಗುರುತಿನ, ಟೆಲಿಪಾಸ್ ಎಂದು ಬರೆದ ಸಾಲು ಟೋಲನ್ನು ತಾನಾಗಿ ಕಟ್ಟುವ ಸಾಧನ ಅಳವಡಿಸಿಕೊಂಡವರಿಗೆ ಮಾತ್ರ. ತಪ್ಪಿ ಹೊಕ್ಕರೆ ಹಿಂದಕ್ಕೆ ತಳ್ಳಲು ಹೋಗಬೇಡಿ, ಅದು ಅಪಾಯ, ಅಪರಾಧವೂ ಹೌದು. ಸಹಾಯದ ಗುಂಡಿ ಒತ್ತಿದರೆ ಬಾಕಿ ಹಣದ ರಸೀದಿ ಬರುತ್ತದೆ. 15 ದಿನದೊಳಗೆ ಕಟ್ಟಿದರೆ ಮುಗಿಯಿತು.

ಒರ್ವಿಯೆಟೊ ಎಂಬ ಹೆಸರಿನ ನಿರ್ಗಮನದಲ್ಲಿ ಇಳಿದರೆ ಸ್ಕಾಲೊ ಕೆಲವೇ ನಿಮಿಷ. ಪೆಟ್ರೋಲ್ ಇಲ್ಲೇ ತುಂಬಿಸಿಕೊಳ್ಳಿ. ಬಂಕಿನಲ್ಲಿ ಒಂದು ಮೋಸದ ಪದವಿದೆ: ಗಸೋಲಿಯೊ. ಕಿವಿಗೆ ಗ್ಯಾಸೋಲಿನ್ ಎಂದಂತೆ ಕೇಳಿದರೂ ಅದು ಡೀಸೆಲ್! ನಿಮಗೆ ಬೇಕಾದ್ದು ಬೆಂಜೀನಾ. ಫಾಯ್ ದಾ ತೆ ಎಂದು ಬರೆದ ಪಂಪು ನೀವೇ ತುಂಬಿಸಿಕೊಳ್ಳುವಂಥದ್ದು, ಸೆರ್ವೀತೊ ಎಂದಿದ್ದರೆ ಆಳು ತುಂಬಿಸುತ್ತಾನೆ, ಬೆಲೆ ಹೆಚ್ಚು. ಕಾರ್ಡ್ ಹಾಕುವ ಯಂತ್ರ ಮೊದಲಿಗೆ ನಿಜವಾದ ಬಿಲ್ಲಿಗಿಂತ ದೊಡ್ಡ ಮೊತ್ತವನ್ನು ತಡೆಹಿಡಿದು ಆಮೇಲೆ ಬಿಡುತ್ತದೆ. ಮಿತಿ ಕಡಿಮೆ ಇರುವ ಪ್ರೀಪೇಯ್ಡ್ ಕಾರ್ಡ್ ಇಲ್ಲಿ ಕೈಕೊಡುವುದು ಅದಕ್ಕೇ.

ಬಲಬದಿಯ ಸಂಚಾರಕ್ಕೆ ಹೊಸಬರಾದರೆ ಎರಡು ಕಡೆ ಎಚ್ಚರ. ಒಂದು ವೃತ್ತಗಳು: ವೃತ್ತದೊಳಗಿನ ಗಾಡಿಗಳು ನಿಮ್ಮ ಎಡಗಡೆಯಿಂದ ಬರುತ್ತವೆ, ಅವಕ್ಕೆ ದಾರಿ ಬಿಡಬೇಕು. ಇನ್ನೊಂದು ಹೇರ್‌ಪಿನ್ ತಿರುವು. ಎಡಬದಿಯಲ್ಲಿ ಓಡಿಸುವ ನಮ್ಮ ಘಾಟಿಗಳಲ್ಲಿ ಎಡತಿರುವು ಬಿಗಿ, ಬಲತಿರುವು ಸಲೀಸು. ಅಲ್ಲಿ ಪೂರಾ ಉಲ್ಟಾ. ಬಲತಿರುವೇ ಒಳಗಿನ, ಕಡಿದಾದ, ಚಿಕ್ಕ ತ್ರಿಜ್ಯದ ತಿರುವು. ಅದಕ್ಕೆ ಬರುವ ಮೊದಲೇ ಒಂದನೇ ಅಥವಾ ಎರಡನೇ ಗೇರಿಗೆ ಇಳಿಸಿ, ಕಣ್ಣನ್ನು ತಿರುವಿನ ಕೊನೆಗೆ ನೆಟ್ಟು, ಕ್ಲಚ್ಚನ್ನು ಪೂರ್ತಿ ಹಿಡಿಯದೆ ತುಸು ಎಳೆತ ಉಳಿಸಿಕೊಂಡು, ವೇಗ ತಗ್ಗಿಸಬೇಕಿದ್ದರೆ ಹಿಂದಿನ ಬ್ರೇಕನ್ನು ಮಾತ್ರ ಮೆಲ್ಲಗೆ ಒತ್ತಿ. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಹಿಡಿದರೆ ಭಾರದ ಬೈಕು ನಿಂತಲ್ಲೇ ಒಳಗಡೆಗೆ ಬೀಳುತ್ತದೆ. ಗುಡ್ಡದ ಊರುಗಳಲ್ಲಿ ಬೀಳುವ ಬೈಕುಗಳಲ್ಲಿ ಹೆಚ್ಚಿನವು ವೇಗದಲ್ಲಿ ಬೀಳುವುದಿಲ್ಲ, ಹೀಗೆ ನಡಿಗೆಯ ವೇಗದಲ್ಲೇ ಬೀಳುತ್ತವೆ.

ಹೆಡ್‌ಲೈಟ್ ಹಗಲಲ್ಲೂ ಉರಿಯುತ್ತಿರಬೇಕು. ಊರೊಳಗೆ ಮಿತಿ ಗಂಟೆಗೆ 50 ಕಿಲೋಮೀಟರ್, ಊರ ಹೊರಗಿನ ಸಾಮಾನ್ಯ ರಸ್ತೆಯಲ್ಲಿ 90, ಹೆದ್ದಾರಿಯಲ್ಲಿ 130, ಮಳೆ ಬಂದರೆ 110.

ಹಂತ 3: ಬೈಕಿನಲ್ಲೇ ಮುಗಿಸಬಹುದಾದ ಒಂದು ಜಾಗ

ಬಂಡೆಯ ಉತ್ತರದ ಬುಡದಲ್ಲಿ ಕ್ರೊಚಿಫಿಸ್ಸೊ ದೆಲ್ ತುಫೊ ಎಂಬ ಎಟ್ರುಸ್ಕನ್ ಸ್ಮಶಾನವಿದೆ. ಎಟ್ರುಸ್ಕನ್ನರು ರೋಮನ್ನರಿಗಿಂತ ಮೊದಲು ಇಲ್ಲಿ ಬಾಳಿದವರು. ಊರನ್ನು ಅವರು ಕರೆಯುತ್ತಿದ್ದುದು ವೆಲ್ಜ್ನಾ ಎಂದು. ಕ್ರಿ.ಪೂ. 264ರಲ್ಲಿ ರೋಮನ್ನರು ಊರನ್ನು ಕೆಡವಿ, ಉಳಿದವರನ್ನು ಈಗಿನ ಬೊಲ್ಸೇನಾ ಕಡೆಗೆ ಎಬ್ಬಿಸಿ ಕಳಿಸಿದರು.

ಸ್ಕಾಲೊದಿಂದ ಮೇಲೂರಿಗೆ ಹತ್ತುವ 71ನೇ ನಂಬರಿನ ರಸ್ತೆಯಲ್ಲೇ ಈ ಜಾಗ ಸಿಗುತ್ತದೆ. ನಡೆದು ಬಂದರೆ ಬಿಸಿಲಲ್ಲಿ ದಣಿವು. ಬೈಕಿದ್ದವರು ಬೆಳಗಿನ ತಂಪಿನಲ್ಲಿ ಇದನ್ನು ಮೊದಲು ನೋಡಿ ಮುಗಿಸಿ, ಮತ್ತೆ ಸ್ಕಾಲೊಗೆ ಇಳಿಯುವುದೇ ಸರಿ. ಕ್ರಿ.ಪೂ. ಆರನೇ ಶತಮಾನದ ಕಲ್ಲಿನ ಗೋರಿಮನೆಗಳು ಬೀದಿಯ ಮನೆಗಳಂತೆ ಸಾಲಾಗಿ ನಿಂತಿವೆ. ಬಾಗಿಲ ಮೇಲಿನ ಅಡ್ಡಗಲ್ಲನ್ನು ನೋಡಿ: ಮನೆತನದ ಹೆಸರು ಬಲದಿಂದ ಎಡಕ್ಕೆ ಕೆತ್ತಿದೆ. ಮುಕ್ಕಾಲು ಗಂಟೆ ಸಾಕು.

ಹಂತ 4: ಬೈಕಿಗೆ ಜಾಗ

ಎರಡು ಆಯ್ಕೆಗಳಿವೆ.

ಮೊದಲನೆಯದು, ನಾವು ಹೇಳುವುದು, ಸ್ಕಾಲೊದ ರೈಲು ನಿಲ್ದಾಣದ ಸುತ್ತಮುತ್ತ. ನಿಲ್ದಾಣದ ಹಿಂಬದಿಯಲ್ಲಿ ದೊಡ್ಡ ಪಾರ್ಕಿಂಗ್ ಬಯಲಿದೆ, ಹಳಿಗಳ ಅಡಿಯ ಸುರಂಗ ದಾರಿಯಿಂದ ಮುಂಬದಿಗೆ ಬರಬಹುದು. ಬೆಟ್ಟ ಹತ್ತುವ ಹಳಿಗಾಡಿ ಫ್ಯೂನಿಕ್ಯುಲರ್ ಹೊರಡುವುದು ನಿಲ್ದಾಣದ ಎದುರಿನಿಂದಲೇ. ನೆಲ ಮಟ್ಟಸ, ಜನಸಂಚಾರ ಸದಾ.

ಎರಡನೆಯದು ಕಾಂಪೊ ದೆಲ್ಲಾ ಫಿಯೆರಾ, ಬಂಡೆಯ ಇನ್ನೊಂದು ಮಗ್ಗುಲಲ್ಲಿ. ಬೊಲ್ಸೇನಾ ಕಡೆಯಿಂದ ಬರುವವರಿಗೆ ಇದು ಹತ್ತಿರ. ಹಣ ಕೊಟ್ಟು ನಿಲ್ಲಿಸುವ ಜಾಗ. ಅಲ್ಲಿಂದ ಬಂಡೆಯ ಒಳಗೇ ಕೊರೆದ ಎಸ್ಕಲೇಟರ್ ಮತ್ತು ಲಿಫ್ಟ್ ನಿಮ್ಮನ್ನು ಹಳೇ ಊರಿನ ಪಡುವಣ ಭಾಗಕ್ಕೆ ಎತ್ತಿ ಬಿಡುತ್ತವೆ. ತಡರಾತ್ರಿ ಅವು ನಿಲ್ಲುತ್ತವೆ, ಹಾಕಿರುವ ಸಮಯ ನೋಡಿಕೊಂಡೇ ಮೇಲೆ ಹೋಗಿ.

ಎಲ್ಲೇ ಆಗಲಿ, ನೆಲದ ಗೆರೆಯ ಬಣ್ಣ ನೋಡಿ. ಬಿಳಿ ಅಂದರೆ ಉಚಿತ, ಆದರೆ ಎಷ್ಟು ಹೊತ್ತು ಎಂಬ ಮಿತಿ ಪಕ್ಕದ ಫಲಕದಲ್ಲಿರಬಹುದು. ನೀಲಿ ಅಂದರೆ ಹಣ. ಹಳದಿ ಅಂದರೆ ನಿವಾಸಿಗಳಿಗೋ ಅಂಗವಿಕಲರಿಗೋ ಸರಕು ಇಳಿಸುವವರಿಗೋ ಮೀಸಲು, ಅತ್ತ ಸುಳಿಯಬೇಡಿ. ಬೈಕಿನ ಚಿತ್ರವಿರುವ ಕಿರಿದಾದ ಜಾಗಗಳು ಕಂಡರೆ ಅಲ್ಲೇ ನಿಲ್ಲಿಸಿ.

ಹಂತ 5: ನಿಲ್ಲಿಸುವ ಕ್ರಮ

ಬಾಡಿಗೆಯ ಟೂರಿಂಗ್ ಬೈಕು ಲಗೇಜು ಸೇರಿ 250 ಕಿಲೋ ದಾಟುವುದು ಸಾಮಾನ್ಯ. ಬಿದ್ದರೆ ಒಬ್ಬರೇ ಎತ್ತಲಾಗದು, ಮುರಿದ ಲಿವರಿಗೆ ಠೇವಣಿ ಹೋಗುತ್ತದೆ.

ಮಟ್ಟಸ ನೆಲ ಸಿಕ್ಕರೆ ಮಾತೇ ಇಲ್ಲ, ಸೆಂಟರ್ ಸ್ಟ್ಯಾಂಡ್ ಹಾಕಿ. ಇಳಿಜಾರಾದರೆ ಸೆಂಟರ್ ಸ್ಟ್ಯಾಂಡ್ ಮುಟ್ಟಲೇಬೇಡಿ. ಬೈಕಿನ ಮೂತಿ ಏರಿನ ಕಡೆಗಿರಲಿ, ಒಂದನೇ ಗೇರಿನಲ್ಲಿ ಇಟ್ಟು, ಎಂಜಿನ್ ಆರಿಸಿ, ಬೈಕು ಗೇರಿಗೆ ಆತುಕೊಳ್ಳುವವರೆಗೆ ಹಿಂದಕ್ಕೆ ಸರಿಯಬಿಟ್ಟು, ಆಮೇಲೆ ಸೈಡ್ ಸ್ಟ್ಯಾಂಡಿಗೆ ಒರಗಿಸಿ. ಮೂತಿ ಇಳಿಜಾರಿಗಿದ್ದರೆ ಬೈಕು ಮುಂದಕ್ಕೆ ಉರುಳಿ ಸ್ಟ್ಯಾಂಡನ್ನು ಹಿಂದಕ್ಕೆ ಮಡಚಿಕೊಂಡು ಬೀಳುತ್ತದೆ.

ಅಡ್ಡ ಇಳಿಜಾರು ಇನ್ನೂ ಕಿರಿಕಿರಿ. ಸ್ಟ್ಯಾಂಡ್ ಇರುವುದು ಎಡಕ್ಕೆ. ನೆಲ ಎಡಗಡೆ ಎತ್ತರವಿದ್ದರೆ ಬೈಕು ನೆಟ್ಟಗೆ ನಿಂತುಬಿಡುತ್ತದೆ. ಯಾರೋ ಚೀಲ ತಗುಲಿಸಿದರೂ, ಗಾಳಿ ಬೀಸಿದರೂ ಬಲಕ್ಕೆ ಬೀಳುತ್ತದೆ. ಎಡಗಡೆ ತಗ್ಗಿದ್ದರೆ ಅತಿಯಾಗಿ ಒರಗುತ್ತದೆ. ಬೀಳುವುದಿಲ್ಲ, ಎತ್ತಿ ನಿಲ್ಲಿಸುವಾಗ ಸೊಂಟ ಹಿಡಿಯುತ್ತದೆ. ಇಂಥ ಕಡೆ ಬೈಕನ್ನು ತಿರುಗಿಸಿ ಹಿಂದಿನ ಚಕ್ರ ರಸ್ತೆಯಂಚಿನ ಕಲ್ಲಿಗೆ ತಾಗುವಂತೆ ನಿಲ್ಲಿಸುವುದೊಂದೇ ಉಪಾಯ.

ಬೇಸಿಗೆಯಲ್ಲಿ ಡಾಂಬರು ಮೆತ್ತಗಾಗುತ್ತದೆ. ಬೆಳಗ್ಗೆ ಗಟ್ಟಿಯಾಗಿದ್ದ ನೆಲದಲ್ಲಿ ಮಧ್ಯಾಹ್ನಕ್ಕೆ ಸ್ಟ್ಯಾಂಡಿನ ತುದಿ ಹೂತು ಬೈಕು ವಾಲಿರುತ್ತದೆ. ಪ್ಲಾಸ್ಟಿಕ್ ತಟ್ಟೆ ಇಡಲು ಹೇಳಿದ್ದು ಅದಕ್ಕೆ.

ಇನ್ನು ಸಾಮಾನು. ಬೀಗವಿರುವ ಗಟ್ಟಿ ಪೆಟ್ಟಿಗೆಯಲ್ಲಿ ಬಟ್ಟೆಬರೆ, ಉಪಕರಣ ಇರಬಹುದು. ಬಟ್ಟೆಯ ಚೀಲಗಳಿದ್ದರೆ ಕಷ್ಟ. ಅಂಥವರು ಮೊದಲು ತಂಗುವ ಜಾಗಕ್ಕೆ ಹೋಗಿ ಚೀಲ ಇಳಿಸಿ ಬರುವುದೇ ಕ್ಷೇಮ. ಜಾಕೆಟ್ಟಿನ ಒಂದು ತೋಳಿನಿಂದ ಕೇಬಲ್ ಹಾಯಿಸಿ ಇನ್ನೊಂದು ತೋಳಿನಿಂದ ಹೊರತೆಗೆದು, ಹೆಲ್ಮೆಟ್ಟಿನ ಗಲ್ಲದ ಭಾಗದೊಳಗಿಂದ ಸುತ್ತಿ ಬೈಕಿನ ಚೌಕಟ್ಟಿಗೆ ಬೀಗ ಹಾಕಿ. ಹೆಲ್ಮೆಟ್ಟಿನ ಪಟ್ಟಿಗೆ ಮಾತ್ರ ಸಿಕ್ಕಿಸಬೇಡಿ. ಪಟ್ಟಿಯನ್ನು ಕತ್ತರಿಯಿಂದಲೇ ಕತ್ತರಿಸಬಹುದು, ಆಮೇಲೆ ಆ ಹೆಲ್ಮೆಟ್ಟು ಕಳ್ಳನಿಗೂ ಬೇಡ, ನಿಮಗೂ ಇಲ್ಲ. ಇಲ್ಲಿ ಹೆಲ್ಮೆಟ್ಟಿಲ್ಲದೆ ಓಡಿಸಿ ಸಿಕ್ಕಿಬಿದ್ದರೆ ದಂಡದ ಜೊತೆ ಗಾಡಿಯನ್ನೂ ತಡೆಹಿಡಿಯುತ್ತಾರೆ. ಜಾಕೆಟ್ಟಿನ ಜೇಬುಗಳನ್ನು ಖಾಲಿ ಮಾಡಿಯೇ ಕಟ್ಟಿ. ಫೋನ್ ಹಿಡಿಕೆ, ಟೋಲ್ ಚಿಲ್ಲರೆ, ಟ್ಯಾಂಕ್ ಬ್ಯಾಗ್ ನಿಮ್ಮೊಡನೆ ಬರಲಿ.

ಡಿಸ್ಕ್ ಲಾಕ್ ಹಾಕಿದ ಕೂಡಲೇ ನೆನಪಿನ ದಾರ ಹ್ಯಾಂಡಲಿಗೆ ಸಿಕ್ಕಿಸಿ. ಆಮೇಲೆ ಎಂದರೆ ಮರೆತಂತೆಯೇ. ಲಾಕ್ ಇರುವಾಗಲೇ ಹೊರಟರೆ ಅರ್ಧ ಸುತ್ತಿಗೆ ಚಕ್ರ ಸಿಕ್ಕಿಕೊಂಡು ಬೈಕು ಮಗುಚುತ್ತದೆ.

ಹಂತ 6: ಮೇಲಕ್ಕೆ

ಫ್ಯೂನಿಕ್ಯುಲರ್ ಅಂದರೆ ಹಗ್ಗದಲ್ಲಿ ಎಳೆಯುವ ಹಳಿಗಾಡಿ. ಒಂದು ಹತ್ತುವಾಗ ಇನ್ನೊಂದು ಇಳಿಯುತ್ತದೆ. 1888ರಲ್ಲಿ ಶುರುವಾದಾಗ ಇದು ಓಡುತ್ತಿದ್ದುದು ನೀರಿನ ಭಾರದಿಂದ: ಮೇಲಿನ ಗಾಡಿಯ ತೊಟ್ಟಿಗೆ ನೀರು ತುಂಬಿಸಿದರೆ ಅದರ ತೂಕಕ್ಕೆ ಕೆಳಗಿನದು ಮೇಲೇರುತ್ತಿತ್ತು. 1970ರಲ್ಲಿ ನಿಂತು, 1990ರಲ್ಲಿ ವಿದ್ಯುತ್ ಚಾಲಿತವಾಗಿ ಮತ್ತೆ ಆರಂಭವಾಯಿತು. ಸುಮಾರು 580 ಮೀಟರ್ ಹಳಿಯಲ್ಲಿ 157 ಮೀಟರ್ ಎತ್ತರ ಏರುತ್ತದೆ. ಹತ್ತು ನಿಮಿಷಕ್ಕೊಂದರಂತೆ ಸಿಗುತ್ತದೆ, ಪ್ರಯಾಣ ಕೆಲವೇ ನಿಮಿಷ. ಟಿಕೆಟನ್ನು ಯಂತ್ರಕ್ಕೆ ತೋರಿಸಿ ಮುದ್ರೆ ಹಾಕಿಸುವುದು ಮರೆಯಬೇಡಿ.

ನಿಲ್ದಾಣದಲ್ಲಿ ಅಂಟಿಸಿರುವ ಕೊನೆಯ ಗಾಡಿಯ ಸಮಯದ ಫೋಟೋ ತೆಗೆದಿಟ್ಟುಕೊಳ್ಳಿ. ರಾತ್ರಿ ಊಟ ಮುಗಿಸಿ ನಿಧಾನವಾಗಿ ಬಂದರೆ ಅದು ನಿಂತಿರುತ್ತದೆ, ಬಸ್ಸೋ ಟ್ಯಾಕ್ಸಿಯೋ ಹುಡುಕಬೇಕಾಗುತ್ತದೆ.

ಹಲವು ಕಡೆಗೆ ಟಿಕೆಟ್ ಕೊಳ್ಳುವವರು ಕಾರ್ತಾ ಊನಿಕಾ ಎಂಬ ಒಟ್ಟು ಟಿಕೆಟ್ಟಿನ ಲೆಕ್ಕ ಹಾಕಿ ನೋಡಿ. ಮುಖ್ಯ ಸ್ಥಳಗಳಿಗೆಲ್ಲ ಅದೊಂದೇ ನಡೆಯುತ್ತದೆ. ಎರಡೇ ಜಾಗ ನೋಡುವವರಿಗೆ ಅದು ದಂಡ.

ಹಂತ 7: ನೋಡುವ ಕ್ರಮ

ಬಂದವರೆಲ್ಲ ನೇರ ಬಸ್ಸು ಹತ್ತಿ ಕೆಥೆಡ್ರಲಿಗೆ ಹೋಗುತ್ತಾರೆ. ನೀವು ಹಾಗೆ ಮಾಡಬೇಡಿ. ಕೆಥೆಡ್ರಲಿನ ಮುಂಗೋಡೆ ಪಡುವಣಕ್ಕೆ ಮುಖ ಮಾಡಿದೆ. ಬೆಳಗ್ಗೆ ಅದು ನೆರಳಲ್ಲಿರುತ್ತದೆ, ಮಧ್ಯಾಹ್ನದ ಇಳಿಬಿಸಿಲು ಬಿದ್ದಾಗ ಅದರ ಚಿನ್ನದ ಮೊಸಾಯಿಕ್ ಹೊತ್ತಿಕೊಂಡಂತೆ ಉರಿಯುತ್ತದೆ. ಅದನ್ನು ಕೊನೆಗಿಡಿ.

ಮೊದಲು ಬಾವಿ. ಫ್ಯೂನಿಕ್ಯುಲರ್ ಇಳಿಯುವ ಪಿಯಾಟ್ಸಾ ಕಾಹೆನ್ ಚೌಕದ ಪಕ್ಕದಲ್ಲೇ ಪೊಟ್ಸೊ ದಿ ಸಾನ್ ಪಾತ್ರಿಟ್ಸಿಯೊ ಇದೆ. 1527ರಲ್ಲಿ ರೋಮ್ ಲೂಟಿಯಾದಾಗ ಪೋಪ್ ಏಳನೇ ಕ್ಲೆಮೆಂಟ್ ತಪ್ಪಿಸಿಕೊಂಡು ಬಂದು ಆಶ್ರಯ ಪಡೆದದ್ದು ಈ ಊರಲ್ಲಿ. ಶತ್ರು ಮುತ್ತಿಗೆ ಹಾಕಿದರೆ ಬಂಡೆಯ ಮೇಲೆ ನೀರಿಗೇನು ಗತಿ ಎಂಬ ದಿಗಿಲಿಗೆ ಉತ್ತರವಾಗಿ ವಾಸ್ತುಶಿಲ್ಪಿ ಕಿರಿಯ ಆಂತೋನಿಯೊ ದಾ ಸಾಂಗಾಲ್ಲೊ ಇದನ್ನು ಕಟ್ಟಿಸಿದ, ಮುಗಿದದ್ದು 1537ರಲ್ಲಿ. ಆಳ 50 ಮೀಟರಿಗೂ ಹೆಚ್ಚು, ಅಗಲ 13 ಮೀಟರ್. ಬಾವಿಯ ಸುತ್ತ ಒಂದರ ಮೇಲೊಂದು ಹೆಣೆದುಕೊಂಡ ಎರಡು ಸುರುಳಿ ಮೆಟ್ಟಿಲುಗಳಿವೆ: ನೀರು ಹೊರುವ ಹೇಸರಗತ್ತೆಗಳು ಒಂದರಲ್ಲಿ ಇಳಿದು, ತಳದ ಸೇತುವೆ ದಾಟಿ, ಇನ್ನೊಂದರಲ್ಲಿ ಹತ್ತುತ್ತಿದ್ದವು, ಎಲ್ಲೂ ಎದುರುಬದುರಾಗುತ್ತಿರಲಿಲ್ಲ. ಬೆಳಕಿಗೆ 70 ಕಿಟಕಿಗಳು.

ಮೆಟ್ಟಿಲು ಪ್ರಾಣಿಗಳಿಗೆಂದು ಮಾಡಿದ್ದು, ಅಗಲವಾಗಿ, ತಗ್ಗಾಗಿ, ತುಸು ಇಳಿಜಾರಾಗಿವೆ. ನಮ್ಮ ಹೆಜ್ಜೆಗೆ ಹೊಂದುವುದಿಲ್ಲ. ಇಳಿಯುವಾಗ ಗೋಡೆಯ ಬದಿಗೇ ನಡೆಯಿರಿ, ಕೆಳಗೆ ತೇವ ಹೆಚ್ಚು. ಬೆವತ ಮೈಯಲ್ಲಿ ತಳ ಮುಟ್ಟಿದರೆ ಥಂಡಿ ಹಿಡಿಯುತ್ತದೆ, ಉದ್ದತೋಳಿನ ಅಂಗಿ ಹಾಕಿಕೊಳ್ಳಿ. ಬೆಳಗ್ಗೆ ಕಾಲು ಹಗುರವಿರುವಾಗಲೇ ಇದನ್ನು ಮುಗಿಸಬೇಕು. ಮಂಡಿನೋವಿನವರು ಮೇಲಿನ ಕೆಲವು ಕಿಟಕಿಗಳಿಂದ ಇಣುಕಿ ಹಿಂದಿರುಗುತ್ತೇವೆ ಎಂದುಕೊಂಡರೆ ಆಗದು: ಮೆಟ್ಟಿಲು ಏಕಮುಖ.

ಪಕ್ಕದಲ್ಲೇ ಅಲ್ಬೊರ್ನೊಜ್ ಕೋಟೆಯ ಉಳಿಕೆ, ಈಗ ಉದ್ಯಾನ. ಹಣ ಕೊಡಬೇಕಿಲ್ಲ. ಬಾವಿ ಹತ್ತಿ ಬಂದ ಉಸಿರನ್ನು ಇಲ್ಲಿ ಕಣಿವೆ ನೋಡುತ್ತ ಸುಧಾರಿಸಿಕೊಳ್ಳಿ.

ಎರಡನೆಯದು ನೆಲದಡಿ. ಮೆತುಕಲ್ಲನ್ನು ಸಾವಿರಾರು ವರ್ಷ ಅಗೆದು ಅಗೆದು ಊರ ಕೆಳಗೆ ಸುಮಾರು 1,200 ಗವಿಗಳಾಗಿವೆ: ಬಾವಿ, ಎಣ್ಣೆಗಾಣ, ಸಾಲುಗೂಡುಗಳ ಪಾರಿವಾಳದ ಕೋಣೆ. ಒರ್ವಿಯೆಟೊ ಅಂಡರ್‌ಗ್ರೌಂಡ್ ಹೆಸರಿನ ಈ ಸುತ್ತಾಟ ಮಾರ್ಗದರ್ಶಿಯೊಡನೆ ಮಾತ್ರ, ಗೊತ್ತಾದ ಹೊತ್ತಿಗೆ, ಕೆಥೆಡ್ರಲ್ ಚೌಕದಿಂದ ಹೊರಡುತ್ತದೆ, ಸುಮಾರು ಒಂದು ಗಂಟೆ ಹಿಡಿಯುತ್ತದೆ. ಚೌಕ ತಲುಪಿದ ಕೂಡಲೇ ಇಂಗ್ಲಿಷ್ ತಂಡದ ಸಮಯ ಕೇಳಿ ಹೆಸರು ಬರೆಸಿ, ಉಳಿದದ್ದನ್ನು ಅದರ ಸುತ್ತ ಹೊಂದಿಸಿಕೊಳ್ಳಿ. ಕೆಲವು ದಾರಿಗಳು ಭುಜದಗಲವಷ್ಟೇ ಇವೆ. ಇಕ್ಕಟ್ಟಿಗೆ ಹೆದರುವವರು, ಬೆನ್ನಿಗೆ ದೊಡ್ಡ ಚೀಲ ಹೊತ್ತವರು ಯೋಚಿಸಿ.

ಊಟದ ಹೊತ್ತು. ಈ ಊರಿನ ಬಿಳಿ ವೈನ್‌ಗೆ ಹೆಸರಿದೆ, ಮೇಜಿಗೆ ಬರುವುದೂ ಅಗ್ಗವಾಗಿಯೇ. ಇಟಲಿಯಲ್ಲಿ ಚಾಲಕರ ರಕ್ತದಲ್ಲಿ ಮದ್ಯದ ಮಿತಿ ಲೀಟರಿಗೆ 0.5 ಗ್ರಾಂ, ಲೈಸೆನ್ಸ್ ಪಡೆದು ಮೂರು ವರ್ಷ ತುಂಬದವರಿಗೆ ಸೊನ್ನೆ. ಬಿಸಿಲು, ಖಾಲಿ ಹೊಟ್ಟೆ, ಮುಂದೆ ತಿರುವಿನ ರಸ್ತೆ. ಅಂದು ಮತ್ತೆ ಬೈಕು ಮುಟ್ಟುವುದಿದ್ದರೆ ಒಂದು ಲೋಟವೂ ಬೇಡ. ಬೀದಿಯ ನಲ್ಲಿಗಳಲ್ಲಿ ಬಾಟಲಿ ತುಂಬಿಸಿಕೊಳ್ಳಬಹುದು, ನೋನ್ ಪೊತಾಬಿಲೆ ಎಂದು ಬರೆದಿದ್ದರೆ ಅದು ಕುಡಿಯುವ ನೀರಲ್ಲ.

ಕೊನೆಗೆ ಕೆಥೆಡ್ರಲ್. ಅಡಿಗಲ್ಲು ಬಿದ್ದದ್ದು 1290ರಲ್ಲಿ. ಬೊಲ್ಸೇನಾದಲ್ಲಿ 1263ರಲ್ಲಿ ಪೂಜೆಯ ರೊಟ್ಟಿಯಿಂದ ರಕ್ತ ತೊಟ್ಟಿಕ್ಕಿತೆಂದು ನಂಬುವ ಬಟ್ಟೆಯನ್ನು ಇಲ್ಲೇ ಇಟ್ಟಿದ್ದಾರೆ. ಕಪ್ಪು ಬಸಾಲ್ಟ್, ಬಿಳಿ ಟ್ರಾವರ್ಟೀನ್ ಕಲ್ಲಿನ ಪಟ್ಟೆಗಳ ಗೋಡೆಯನ್ನು ದೂರದಿಂದಲೇ ಗುರುತಿಸಬಹುದು.

ಒಳಗೆ ನುಗ್ಗುವ ಮುನ್ನ ಹೊರಗೆ ಕಾಲು ಗಂಟೆ ನಿಲ್ಲಿ. ಮುಂಗೋಡೆಯ ನಾಲ್ಕು ಕಂಬಗಳ ಬುಡದಲ್ಲಿ ಕಣ್ಣೆತ್ತರದಲ್ಲೇ ಉಬ್ಬುಶಿಲ್ಪಗಳಿವೆ. 1310ರಲ್ಲಿ ಕಟ್ಟಡದ ಕೆಲಸ ವಹಿಸಿಕೊಂಡ ಶಿಲ್ಪಿ ಲೊರೆಂಜೊ ಮೈತಾನಿಯ ಕಾಲದವು. ಎಡತುದಿಯದು ಸೃಷ್ಟಿ, ಬಲತುದಿಯದು ಕಡೆಯ ತೀರ್ಪು. ನರಕದ ಭಾಗವನ್ನು ತೀರ ಹತ್ತಿರದಿಂದ ನೋಡಿ. ಇಷ್ಟಕ್ಕೆ ಟಿಕೆಟ್ ಬೇಕಿಲ್ಲ.

ಒಳಗೆ ಹೋದರೆ ನೇರ ಬಲಗಡೆಯ ಸಾನ್ ಬ್ರಿಟ್ಸಿಯೊ ಚಾಪೆಲ್‌ಗೆ ನಡೆಯಿರಿ. ಚಾವಣಿಯ ಚಿತ್ರಗಳ ಕೆಲಸವನ್ನು 1447ರಲ್ಲಿ ಫ್ರಾ ಆಂಜೆಲಿಕೊ ಶುರುಮಾಡಿ ಬಿಟ್ಟುಹೋದ. ಅರ್ಧ ಶತಮಾನ ಹಾಗೇ ಇದ್ದದ್ದನ್ನು 1499ರಿಂದ ಲೂಕಾ ಸಿನ್ಯೊರೆಲ್ಲಿ ಪೂರೈಸಿದ. ಲೋಕದ ಅಂತ್ಯ, ನೆಲ ಸೀಳಿಕೊಂಡು ಎದ್ದುಬರುವ ಸತ್ತವರು, ಪಾಪಿಗಳನ್ನು ಹಿಡಿದು ಹಿಂಡುವ ದೆವ್ವಗಳು. ಸುಳ್ಳು ಕ್ರಿಸ್ತನ ಉಪದೇಶದ ಚಿತ್ರದಲ್ಲಿ ಎಡಗಡೆಯ ಕೆಳಮೂಲೆ ನೋಡಿ: ಕಪ್ಪು ಉಡುಪಿನಲ್ಲಿ ನಿಂತ ಇಬ್ಬರಲ್ಲಿ ಒಬ್ಬ ಸಿನ್ಯೊರೆಲ್ಲಿಯೇ, ಜೊತೆಗಿರುವುದು ಆಂಜೆಲಿಕೊ. ಭುಜ, ಮೊಣಕಾಲು ಮುಚ್ಚಿರಬೇಕು, ತೋಳಿಲ್ಲದ ಬನಿಯನ್‌ನಲ್ಲಿ ಬಂದವರನ್ನು ಬಾಗಿಲಲ್ಲೇ ತಡೆಯುತ್ತಾರೆ.

ಕಾಲಿನಲ್ಲಿ ಇನ್ನೂ ಕಸುವಿದ್ದರೆ 47 ಮೀಟರ್ ಎತ್ತರದ ತೊರ್ರೆ ದೆಲ್ ಮೋರೊ ಗೋಪುರ. ಇಲ್ಲದಿದ್ದರೆ ಬಿಟ್ಟುಬಿಡಿ. ರಾತ್ರಿ ತಂಗುವವರಿಗೆ ಮರುದಿನದ ಬೆಳಗಿಗೆ ಬಂಡೆಯ ಬುಡ ಸುತ್ತುವ ಸುಮಾರು 5 ಕಿಲೋಮೀಟರಿನ ಕಾಲುದಾರಿ ಗೋಪುರಕ್ಕಿಂತ ಮೇಲು.

ಹಂತ 8: ಮೇಲೆಯೇ ತಂಗುವುದಾದರೆ

ಹಳೇ ಊರಿನ ಒಳಭಾಗ ಝಡ್‌ಟಿಎಲ್ ವಲಯ, ಅಂದರೆ ಅನುಮತಿ ಇದ್ದ ಗಾಡಿಗಳಿಗೆ ಮಾತ್ರ ಪ್ರವೇಶ. ಕೆಂಪು ಉಂಗುರದ ಬಿಳಿ ದುಂಡು ಫಲಕ, ಪಕ್ಕದಲ್ಲಿ ನಂಬರ್ ಪ್ಲೇಟ್ ಓದುವ ಕ್ಯಾಮೆರಾ. ವಾರ್ಕೊ ಆತ್ತಿವೊ ಎಂದು ಬೆಳಗುತ್ತಿದ್ದರೆ ಕ್ಯಾಮೆರಾ ಕೆಲಸದಲ್ಲಿದೆ, ಹೋಗಬಾರದು. ನೋನ್ ಆತ್ತಿವೊ ಎಂದಿದ್ದರೆ ಹೋಗಬಹುದು. ಇಂಗ್ಲಿಷಿನ ಕಣ್ಣಿಗೆ ಆಕ್ಟಿವ್ ಎಂದರೆ ದಾರಿ ತೆರೆದಿದೆ ಎಂದು ತೋರುತ್ತದೆ, ಹೊರಗಿನವರು ಮೋಸಹೋಗುವುದು ಇಲ್ಲೇ. ಇಟಲಿಯ ಕೆಲವು ಊರುಗಳಲ್ಲಿ ಬೈಕಿಗೆ ವಿನಾಯಿತಿ ಇದೆ, ಕೆಲವೆಡೆ ಇಲ್ಲ. ಸ್ಥಳೀಯರ ಸ್ಕೂಟರು ನುಗ್ಗಿತೆಂದು ಹಿಂದೆಯೇ ಹೋಗಬೇಡಿ, ಅವರಿಗೆ ಪಾಸ್ ಇರುತ್ತದೆ. ಫೋನಿನ ನಕ್ಷೆ ಹೇಳಿತೆಂಬುದು ಯಾರೂ ಒಪ್ಪುವ ಸಬೂಬಲ್ಲ.

ವಸತಿಯವರಿಗೆ ಹಿಂದಿನ ದಿನವೇ ಬೈಕಿನ ಪೂರ್ತಿ ನಂಬರನ್ನು ಪ್ಲೇಟಿನ ಫೋಟೋ ಸಮೇತ ಕಳಿಸಿ, ಮೂರು ವಿಷಯ ಕೇಳಿ: ನೋಂದಾಯಿಸಿದ್ದೀರಾ, ಯಾವ ದ್ವಾರದಿಂದ ಬರಬೇಕು, ಬೈಕು ಎಲ್ಲಿ ನಿಲ್ಲಿಸಬೇಕು. ಉತ್ತರ ಬರಹದಲ್ಲೇ ಇರಲಿ. ದಂಡದ ಕಾಗದ ವಿದೇಶದ ವಿಳಾಸಕ್ಕೆ ಬರಲು 360 ದಿನಗಳವರೆಗೆ ಅವಕಾಶವಿದೆ. ಅದಕ್ಕೂ ಮೊದಲೇ ಬಾಡಿಗೆ ಕಂಪನಿ ನಿಮ್ಮ ವಿವರ ಪೊಲೀಸರಿಗೆ ಕೊಟ್ಟದ್ದಕ್ಕೆಂದು ಕಾರ್ಡಿನಿಂದ ಶುಲ್ಕ ಮುರಿದುಕೊಂಡಿರುತ್ತದೆ. ಆ ಶುಲ್ಕವೇ ದಂಡ ಎಂದುಕೊಂಡು ಸುಮ್ಮನಾಗಬೇಡಿ, ಅವೆರಡೂ ಬೇರೆ.

ಮಳೆ ಬಿದ್ದ ಹಾಸುಗಲ್ಲಿನ ಮೇಲೆ ಓಡಿಸುವುದಿದ್ದರೆ ಎರಡನೇ ಗೇರ್, ನೆಟ್ಟಗೆ ನಿಂತ ಬೈಕು, ಹಿಂದಿನ ಬ್ರೇಕ್. ಚರಂಡಿಯ ಕಬ್ಬಿಣದ ಮುಚ್ಚಳಗಳ ಮೇಲೆ ವಾಲಿಸಬೇಡಿ.

ಹಂತ 9: ಮುಂದಿನ ದಾರಿ

ಬೈಕಿನ ಬಳಿ ಬಂದ ಮೇಲೆ ಗಡಿಬಿಡಿ ಬೇಡ. ಡಿಸ್ಕ್ ಲಾಕ್ ತೆಗೆಯಿರಿ, ಟೈರು ನೋಡಿ, ಪೆಟ್ಟಿಗೆಗಳ ಚಿಲಕ ಎಳೆದು ನೋಡಿ, ಬೂಟು ಬದಲಿಸಿ. ದಿನವಿಡೀ ನಡೆದ ಕಾಲಿಗೆ ಗೇರ್ ಬದಲಿಸುವ ಚುರುಕು ಮರಳಲು ಕೆಲವು ನಿಮಿಷ ಬೇಕು.

ಪೂರ್ವಕ್ಕೆ ತೊಡಿ ಊರಿಗೆ ಎರಡು ದಾರಿ. 448ನೇ ನಂಬರಿನದು ಕೊರ್ಬಾರಾ ಸರೋವರ ಮತ್ತು ಟೈಬರ್ ಕಣಿವೆಯ ಬದಿಯಲ್ಲಿ ಸಾಗುವ ಸೊಗಸಾದ ರಸ್ತೆ. ಬೈಕಿನವರಲ್ಲಿ ಹೆಸರುವಾಸಿಯಾದ್ದರಿಂದ ವಾರಾಂತ್ಯದಲ್ಲಿ ವೇಗದ ಹುಚ್ಚಿನವರು ಎದುರಾಗುತ್ತಾರೆ, ನಿಮ್ಮ ಗೆರೆಯೊಳಗೇ ಇರಿ. 79 ಬಿಸ್ ಎಂಬುದು ಗುಡ್ಡ ಹತ್ತಿ ಇಳಿಯುವ, ತಿರುವಿನ ಮೇಲೆ ತಿರುವಿನ ಹಳೇ ದಾರಿ. ದಣಿದ ಸಂಜೆಗೆ ಅದು ಸಲ್ಲ, ಬೆಳಗ್ಗೆಗಿಡಿ.

ದಕ್ಷಿಣಕ್ಕೆ ಸುಮಾರು 20 ಕಿಲೋಮೀಟರಿನಲ್ಲಿ ಚಿವಿತಾ ದಿ ಬಾನ್ಯೊರೆಜೊ. ಅದೂ ಟಫ್ ಬಂಡೆಯ ಮೇಲಿನದೇ, ಆದರೆ ಬಂಡೆ ಕುಸಿಯುತ್ತ ಬಂದು ಊರು ಒಂಟಿಯಾಗಿ ಉಳಿದಿದೆ. ಒಳಹೋಗಲು ಕಾಲುಸೇತುವೆಯೊಂದೇ ದಾರಿ, ಪ್ರವೇಶಕ್ಕೆ ಹಣವುಂಟು. ಬೈಕನ್ನು ಬಾನ್ಯೊರೆಜೊದ ಪಾರ್ಕಿಂಗಿನಲ್ಲಿ ಬಿಡಬೇಕು. ಸೇತುವೆಯ ಕೊನೆಯ ಭಾಗ ಕಡಿದಾದ ಏರು, ಮಧ್ಯೆ ನೆರಳಿಲ್ಲ. ಬೆಳಗ್ಗೆ ಒಂಬತ್ತರೊಳಗೆ ಅಲ್ಲಿದ್ದರೆ ಜನವೂ ಕಡಿಮೆ, ಬಿಸಿಲೂ ಕಡಿಮೆ.

ದಾರಿಯಲ್ಲಿ ಏನಾದರೂ ಆದರೆ ತುರ್ತು ಕರೆಗೆ 112. ಕಾಡಿನ ನಡುವಿನ ರಸ್ತೆಯಾದರೆ ಬದಿಯ ಕಲ್ಲಿನ ಮೇಲಿನ ಕಿಲೋಮೀಟರ್ ಸಂಖ್ಯೆಯನ್ನೂ ರಸ್ತೆಯ ನಂಬರನ್ನೂ ಹೇಳಿ, ಬೇಗ ಹುಡುಕಿಕೊಂಡು ಬರುತ್ತಾರೆ.